ನವಲಗುಂದದ ವಿಂಡೋಸು, ಮೊರಬದ ಲಿನಕ್ಸು

"ನಿಮ್ಮ ಕಂಪ್ಯೂಟರಿಗೆ ಕನ್ನಡ ಬರೂದಿಲ್ರಿ."

ಅಂಗಡಿಯಲ್ಲಿದ್ದವರೆಲ್ಲ ಒಮ್ಮೆಗೇ ತಿರುಗಿ ನೋಡಿದರು. ಝೆರಾಕ್ಸ್ ಯಂತ್ರವೊಂದೇ ತನ್ನ ಪಾಡಿಗೆ ಗುರ್ ಎನ್ನುತ್ತಿತ್ತು.

ರಾಜೇಶ್ವರಿ ಕೀಬೋರ್ಡಿನ ಮೇಲಿಂದ ಕೈ ತೆಗೆದು ನಿಧಾನಕ್ಕೆ ತಿರುಗಿದಳು. ಕೌಂಟರಿನ ಆಚೆ, ಹೆಗಲಿಗೆ ಕಪ್ಪು ಬ್ಯಾಗು, ಹುಬ್ಬಿನ ಮೇಲೆ ಬಸ್ಸಿನ ಧೂಳು ಹೊತ್ತ ಉದ್ದನೆಯ ಹುಡುಗನೊಬ್ಬ ನಿಂತಿದ್ದ.

"ಏನಂದ್ರಿ?"

"ಕನ್ನಡ ಬರೂದಿಲ್ಲ ಅಂದೆ. ನಿಮಗಲ್ಲ, ನಿಮ್ಮ ಕಂಪ್ಯೂಟರಿಗೆ."

"ಈ ತಾಲೂಕಿನ ಅರ್ಧ ಮದಿವಿ ಕಾರ್ಡ ಇದರಾಗ ಆಗ್ಯಾವು. ಕೋರ್ಟಿನ ಕಾಗದ, ಸೊಸೈಟಿ ವರದಿ, ಸತ್ತವರ ಶ್ರದ್ಧಾಂಜಲಿ ಸೈತ ಇದರಾಗ ಆಗ್ಯಾವು. ಇದಕ್ಕ ಕನ್ನಡ ಬರೂದಿಲ್ಲೇನು?"

"ಹಂಗಾರ ಇದೇನ್ರಿ ಮತ್ತ?" ಅವನು ಪರದೆಯತ್ತ ಕೈ ಮಾಡಿದ.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅವನ ಪೆನ್‌ಡ್ರೈವಿನಲ್ಲಿದ್ದ ಒಂಬತ್ತನೇ ತರಗತಿಯ ಪ್ರಶ್ನೆಪತ್ರಿಕೆಯನ್ನು ರಾಜೇಶ್ವರಿ ಕಾರ್ಡು, ಪುಟ ಜೋಡಿಸುವ ತನ್ನ ಹಳೇ ಪೇಜ್‌ಮೇಕರಿಗೆ ತಂದು ಅಂಟಿಸಿದ್ದಳು. ಒಂದೂ ಅಕ್ಷರ ಬಂದಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು... ಗೋಡೆಯ ಮೊಳೆಗೆ ಸಾಲಾಗಿ ಕುಡಗೋಲು ನೇತುಹಾಕಿದ ಹಾಗೆ.

"ಪ್ರಶ್ನೆಪತ್ರಿಕೆ ಅಂದಿದ್ರಲ್ಲ," ರಾಜೇಶ್ವರಿ ಹೇಳಿದಳು, "ಬರೇ ಪ್ರಶ್ನಿ ಬಂದಾವು. ಸರಿನೇ ಐತಿ, ತಗೊಂಡು ಹೋಗ್ರಿ."

ಲೇಬಲ್ಲು ಮಾಡಿಸಲು ಬಂದು ಸ್ಟೂಲಿನ ಮೇಲೆ ಕುಳಿತಿದ್ದ ಜಮಖಾನಿ ನೇಯುವ ರಜಿಯಾಬಿ ಗೊಳ್ಳೆಂದು ನಕ್ಕಳು. ಆ ಹುಡುಗನೂ ನಕ್ಕುಬಿಟ್ಟ.

ರಾಜೇಶ್ವರಿಗೆ ಸಿಟ್ಟು ಬಂದದ್ದು ಅದಕ್ಕೇ. ಮಾತು ಅನ್ನಿಸಿಕೊಂಡವನು ಸಿಟ್ಟಾಗಬೇಕು. ಇವನು ನಗುವುದೇಕೆ?

"ತಪ್ಪು ಯಾರದೂ ಅಲ್ಲ ಬಿಡ್ರಿ," ಅವನು ಪೆನ್‌ಡ್ರೈವ್ ಕಿತ್ತುಕೊಂಡ. "ನಾ ಲಿನಕ್ಸ್‌ನಾಗ ಟೈಪ್ ಮಾಡೇನಿ, ಯೂನಿಕೋಡಿನಾಗ. ನಿಮ್ಮದು ಹಳೇ ವಿಂಡೋಸ್, ಅದರ ಮ್ಯಾಲ ನುಡಿ ಸಾಫ್ಟ್‌ವೇರ್. ಇವಕ್ಕೂ ಅವಕ್ಕೂ ಮಾತಿಲ್ಲ."

"ಜಗಳ ಆಡ್ಯಾವೇನು?" ಬೇಡವೆಂದರೂ ಅವಳ ಬಾಯಿಂದ ಪ್ರಶ್ನೆ ಜಾರಿತು.

"ಭೇಟಿನೇ ಆಗಿಲ್ರಿ. ಜಗಳ ಎಲ್ಲಿಂದ ಆಗಬೇಕು."

ಹಾಗೆ ಹೇಳಿ ಹೊರಟವನ ಹೆಸರು ಹುಲಿಗೇಶ. ಮೊರಬದ ಹೈಸ್ಕೂಲೊಂದರಲ್ಲಿ ಅತಿಥಿ ಶಿಕ್ಷಕ. ಮಕ್ಕಳಿಗೆ ಕಂಪ್ಯೂಟರು ಕಲಿಸುತ್ತಾನೆ ಎಂಬುದನ್ನು ಅವನು ಬಸ್ಸು ಹತ್ತುವಷ್ಟರಲ್ಲಿ ರಜಿಯಾಬಿಯೇ ಪತ್ತೆ ಮಾಡಿ ತಂದಳು.

"ನಾ ಕೇಳೇ ಇಲ್ಲಲ್ಲ ಆಪಾ," ಎಂದಳು ರಾಜೇಶ್ವರಿ.

"ನಿನ್ನ ಮಾರಿ ಕೇಳ್ತಿತ್ತು."

*

ಅವನು ಶನಿವಾರ ಮಧ್ಯಾಹ್ನ ಮತ್ತೆ ಬಂದ.

"ಎಲ್ಲಾ ಕಡೆ ಒಂದೇ ಥರ ಕಾಣೂ ಹಂಗ ಪಿಡಿಎಫ್ ಮಾಡಿ ತಂದೇನಿ. ಈಗ ನಿಮ್ಮ ಕಂಪ್ಯೂಟರ್ ಓದದಿದ್ರ ನಾ ಮಾಸ್ತರಕಿ ಬಿಡ್ತೇನಿ."

ಓದಿತು. ಪ್ರಿಂಟೂ ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನ ಬ್ಯಾಗಿನೊಳಗಿನ ಲ್ಯಾಪ್‌ಟಾಪಿನ ಅಂಚು ಇಣುಕುತ್ತಿತ್ತು.

ರಾಜೇಶ್ವರಿಗೆ ಒಂದು ಚಟ. ಏನೇ ಕಂಡರೂ ಅದರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯಬೇಕು. ತಡೆದು ತಡೆದು ಕೊನೆಗೆ ಕೇಳಿಯೇಬಿಟ್ಟಳು.

"ಆ ನಿಮ್ಮ ಲಿನಕ್ಸ್ ಅನ್ನೂದು... ಹೆಂಗಿರ್ತೈತಿ?"

ಅವನು ಕೌಂಟರಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟ. ಅವಳು ಹೊಸ ಸೊಸೆಯನ್ನು ನೋಡುವ ಅತ್ತೆಯ ಹಾಗೆ ಮೇಲಿನಿಂದ ಕೆಳಗೆ ನೋಡಿದಳು.

"ಇದನ್ನ ಯಾರು ಮಾರ್ತಾರ?"

"ಯಾರೂ ಮಾರೂದಿಲ್ರಿ. ಎಲ್ಲೆಲ್ಲಿದೋ ಮಂದಿ ಕೂಡಿ ಮಾಡ್ಯಾರ, ಬೇಕಾದವರು ಹಾಕ್ಕೋತಾರ. ಬೇಕಂದ್ರ ಬಿಚ್ಚಿ ಒಳಗೂ ನೋಡಬೋದು."

"ಬಿಚ್ಚಿ ನೋಡೂ ಉಸಾಬರಿ ಯಾಕ ನಿಮಗ?"

ಅವನು ಸ್ವಲ್ಪ ಯೋಚಿಸಿದ. "ಸಣ್ಣವಿದ್ದಾಗ ಅಪ್ಪನ ಟ್ರ್ಯಾಕ್ಟರ್ ಹೊಲದಾಗ ನಿಂತ್ರ, ಮಿಸ್ತ್ರಿ ಬರೂ ತನಕ ಅದರ ನೆಳ್ಳಾಗ ಸುಮ್ಮನ ಕುಂದರ್ತಿದ್ವಿ. ಹಂಗ ಕುಂದ್ರೂದು ನನಗ ಆಗೂದಿಲ್ರಿ. ಇದು ಕೆಟ್ರ ಯಾಕ ಕೆಟ್ಟೆ ಅಂತ ತಾನೇ ಬರದು ತೋರಸ್ತೈತಿ. ನಿಮ್ಮದು ನೀಲಿ ಪರದಿ ಹಾಕ್ಕೊಂಡು ಮಲಗಿಬಿಡ್ತೈತಿ."

"ನಮ್ಮದಕ್ಕ ಮರ್ಯಾದಿ ಐತಿ. ಮನಿ ಮಾತು ಹೊರಗ ಹೇಳೂದಿಲ್ಲ."

ಅವನು ಮತ್ತೆ ನಕ್ಕ. ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ... ಬರಲಿ ಎಂದು ಕಾದಳು, ಆದರೂ ಬರಲಿಲ್ಲ.

ಆಮೇಲೆ ಶನಿವಾರಗಳು ತಾವಾಗಿಯೇ ಒಂದು ರೂಢಿಗೆ ಬಿದ್ದವು. ಅವನು ಪ್ರಶ್ನೆಪತ್ರಿಕೆ ತರುವುದು, ಅವಳು ಪ್ರಿಂಟು ತೆಗೆಯುವುದು, ಮಧ್ಯೆ ಚಹಾ. ಅವಳ ಕಂಪ್ಯೂಟರಿನಲ್ಲಿ ಅವನ ಪತ್ರಿಕೆಗಳಿಗೆಂದೇ 'ಶನಿವಾರ' ಎಂಬ ಹೆಸರಿನ ಫೋಲ್ಡರ್ ಕೂತಿತು.

ಉಳಿದ ದಿನಗಳಲ್ಲಿ ಅವಳಿಗೆ ಹೊಸ ಹುಚ್ಚು. ಅಂಗಡಿಗೆ ಬಂದವರಿಗೆಲ್ಲ ಒಂದೇ ಪ್ರಶ್ನೆ: ನೀವು ಯಾವ ಕಂಪ್ಯೂಟರ್ ಬಳಸ್ತೀರಿ, ಅದೇ ಯಾಕ?

ವಕೀಲರ ಆಫೀಸಿನ ಟೈಪಿಸ್ಟ್ ಮಾಬುಸಾಬ ಇನ್ನೂ ಹಳೇ ವಿಂಡೋಸ್ ಎಕ್ಸ್‌ಪಿ ಬಿಟ್ಟಿರಲಿಲ್ಲ. "ಅದಕ್ಕ ನಾ ಗೊತ್ತು, ನನಗ ಅದು ಗೊತ್ತು. ಸ್ಟಾರ್ಟ್ ಬಟನ್ ಎಲ್ಲೈತಿ ಅಂತ ಹುಡುಕೂ ವಯಸ್ಸೇನ್ ತಂಗೀ ನಂದು?" ಹಾಗೆನ್ನುವಾಗ ಅವರ ಕೈ ಗಾಳಿಯಲ್ಲೇ ಎತ್ತಿನ ಬೆನ್ನು ಸವರುವ ಹಾಗೆ ಆಡುತ್ತಿತ್ತು.

ಜಮಖಾನಿಗಳ ಫೋಟೊ ತೆಗೆದು ಆನ್‌ಲೈನಿನಲ್ಲಿ ಮಾರುವ ಹುಬ್ಬಳ್ಳಿಯ ನಿಲೋಫರ್ ಬೆಳ್ಳಿ ಬಣ್ಣದ ಮ್ಯಾಕ್ ಲ್ಯಾಪ್‌ಟಾಪ್ ತರುತ್ತಿದ್ದಳು. ಅದನ್ನು ತೆರೆಯುವ ಮೊದಲು ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದಳು. "ರಜಿಯಾ ಆಪಾನ ಕೆಂಪು ಇದರಾಗ ಖರೇನ ಕೆಂಪು ಕಾಣ್ತದ. ಬಣ್ಣ ಬ್ಯಾರೆ ಬಂತು ಅಂತ ಗಿರಾಕಿ ವಾಪಸ್ ಕಳಸೂದಿಲ್ಲ. ನನಗ ಅಷ್ಟ ಸಾಕು."

ಇದೆಲ್ಲವನ್ನೂ ಅವಳು ಹುಲಿಗೇಶನ ಮುಂದೆ ವರದಿ ಒಪ್ಪಿಸುತ್ತಿದ್ದಳು.

"ಮಾಬುಸಾಬರಿಗೆ ಬದಲಾಗದೇ ಇರೂದು ಬೇಕು. ನಿಲೋಫರಿಗೆ ಸುಳ್ಳು ಹೇಳದೇ ಇರೂದು ಬೇಕು. ನಿಮಗ ಮುಚ್ಚಿಡದೇ ಇರೂದು ಬೇಕು. ಅಲ್ಲೇನ್ರಿ?"

ಅವನು ಚಹಾದ ಕಪ್ಪು ಹಿಡಿದುಕೊಂಡೇ ಅವಳನ್ನು ನೋಡಿದ. "ಮತ್ತ ನಿಮಗ? ನೀವು ಯಾಕ ವಿಂಡೋಸ್?"

ಊರಿಗೆಲ್ಲ ಕೇಳಿದ ಪ್ರಶ್ನೆ ಈಗ ಅವಳಿಗೇ ತಿರುಗಿ ಬಂತು.

ಉಡಚಪ್ಪ ಕಾಕಾ ಈ ಅಂಗಡಿ ಹಾಕಿದಾಗ ಕಂಪ್ಯೂಟರಿನ ಜೊತೆಗೇ ವಿಂಡೋಸು ಬಂದಿತ್ತು. ಅವಳ ಪಿಯುಸಿ ಮುಗಿದ ಮೇಲೆ ಕಾಕಾ ಕುರ್ಚಿ ತೋರಿಸಿ "ಕುಂದರು" ಅಂದರು. ಕೂತಳು. ಕೆಲಸ ಪ್ರೀತಿಯದೇ ಆಯಿತು, ಅದು ಬೇರೆ ಮಾತು. ಹೋದ ವರ್ಷ ಕುಂದಗೋಳದ ಕಡೆಯವರು ನೋಡಿಕೊಂಡು ಹೋದರು. ಒಪ್ಪಿದ್ದನ್ನೂ ಕಾಕಾಗೆ ಫೋನಿನಲ್ಲಿ ಹೇಳಿದರು, ಆಮೇಲೆ ಬೇಡವೆಂದದ್ದನ್ನೂ ಕಾಕಾಗೆ ಫೋನಿನಲ್ಲೇ ಹೇಳಿದರು. ಎರಡು ಫೋನಿನ ನಡುವೆ ಅವಳನ್ನು ಯಾರೂ ಏನೂ ಕೇಳಲಿಲ್ಲ. ಆ ಸಂಬಂಧ ಹೋದದ್ದಕ್ಕೆ ಅವಳಿಗೆ ದುಃಖವಿರಲಿಲ್ಲ. ಆದರೆ ಆ ಕೇಳದೇ ಉಳಿದದ್ದು... ಅದು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಬಾಳಿನಲ್ಲಿ ಒಮ್ಮೆಯಾದರೂ ಯಾರಾದರೂ ತನ್ನ ಎದುರು ನಿಂತು 'ನಿನಗೇನು ಬೇಕು' ಎಂದು ಕೇಳಲಿ ಎಂಬುದು ಅವಳ ಒಂದೇ ಆಸೆ.

ಇಷ್ಟೆಲ್ಲ ಅವನಿಗೆ ಹೇಳಲಾದೀತೇ? ಅವಳು ಅಂದದ್ದು ಇಷ್ಟೇ.

"ನಾ ಆರಿಸಿದ್ದಲ್ರಿ ಅದು. ಬಂತು. ಕಲಿತೆ."

ಹುಲಿಗೇಶ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ಆದರೆ ತಪ್ಪು ಜಾಗದಲ್ಲಿ ಇಟ್ಟುಕೊಂಡ.

*

ಮದುವೆ ಸುಗ್ಗಿ ಶುರುವಾಯಿತು. ಊರೂರಿನ ಪೆನ್‌ಡ್ರೈವುಗಳು ವೈರಸ್ಸನ್ನೂ ಹೊತ್ತುಕೊಂಡೇ ಬಂದವು. ಕಂಪ್ಯೂಟರು ಆನ್ ಆಗುವಷ್ಟರಲ್ಲಿ ಚಹಾ ಕುಡಿದು ಕಪ್ಪು ತೊಳೆದಿಡುವ ಹಾಗಾಯಿತು.

"ಒಮ್ಮೆ ಸ್ವಚ್ಛ ಮಾಡಿ ಕೊಡ್ರಿ," ಎಂದು ಅವಳೇ ಶನಿವಾರ ಅವನ ಕೈಗೆ ಸಿಪಿಯು ಕೊಟ್ಟಳು. ಜೋಳದ ಖಾಲಿ ಚೀಲದಲ್ಲಿ ಅದನ್ನು ಸುತ್ತಿಕೊಂಡು ಅವನು ಮೊರಬದ ಬಸ್ಸು ಹತ್ತಿದ.

ಸೋಮವಾರ ಬೆಳಿಗ್ಗೆ ತಂದು ಜೋಡಿಸಿದ. ಮುಖದ ತುಂಬ ಗುಟ್ಟಿನ ಸಂತೋಷ. "ಹಚ್ಚಿ ನೋಡ್ರಿ. ಆದ್ರ ನಾ ಹೋದ ಮ್ಯಾಲ. ಧಾರವಾಡದಾಗ ನಾಕ ದಿನ ಟ್ರೇನಿಂಗ್ ಐತಿ, ಬಸ್ ಬಂತು."

ಅವಳು ಹಚ್ಚಿದಳು. ಗೊತ್ತಿಲ್ಲದ ಬಣ್ಣವೊಂದು ಪರದೆ ತುಂಬಿಕೊಂಡು ಬಂತು. ಅವಳ ಸ್ಟಾರ್ಟ್ ಬಟನ್ ಇಲ್ಲ. ಪೇಜ್‌ಮೇಕರ್ ಇಲ್ಲ. ನುಡಿ ಇಲ್ಲ. ನೆರೆಮನೆಗೆ ಹೋಗಿ ತನ್ನ ಮನೆಯೆಂದು ಬಾಗಿಲು ತೆರೆದವಳ ಹಾಗೆ ಅವಳು ಕೂತೇ ಇದ್ದಳು.

ಅಷ್ಟರಲ್ಲಿ ದುರಗವ್ವ ಬಂದಳು. ಮೊಮ್ಮಗಳ ಮದುವೆ ಕಾರ್ಡು ನೋಡಲು. ಅವರ ಮನೆತನದಲ್ಲಿ ಮೊದಲ ಕಾರ್ಡು ಯಮನೂರಿನ ದರ್ಗಾದ ಮುಂದೆ ಇಟ್ಟ ಮೇಲೆಯೇ ಉಳಿದವನ್ನು ಹಂಚುವುದು. ಅದೂ ಗುರುವಾರವೇ ಆಗಬೇಕು.

"ತಯಾರಾತೇನ್ ತಂಗೀ? ಗಿಣಿ ಮರತಿಲ್ಲಲ್ಲ?"

ನಾಲ್ಕು ಮೂಲೆಗೂ ಗಿಣಿ ಕೂರಿಸಿ ಅವಳು ಅರ್ಧ ಮುಗಿಸಿಟ್ಟಿದ್ದ ಕಾರ್ಡದು. ಫೈಲು ಇತ್ತು, ತೆರೆಯಲೇ ಇಲ್ಲ. ಹೆಸರುಗಳನ್ನು ಟೈಪ್ ಮಾಡಿಟ್ಟಿದ್ದ ಇನ್ನೊಂದು ಫೈಲು ತೆರೆಯಿತು. ಆದರೆ ಅದರಲ್ಲಿ ಕನ್ನಡವಿರಲಿಲ್ಲ. ತಲೆಯ ಮೇಲೆ ಟೋಪಿ, ಚುಕ್ಕೆ, ಕೋಡು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ.

"ಇದ್ಯಾವ ಲಗ್ನಬೇ?" ದುರಗವ್ವ ಬಗ್ಗಿ ನೋಡಿದಳು. "ಪರದೇಶದವರದೇನು?"

ರಾಜೇಶ್ವರಿ ಹುಲಿಗೇಶನಿಗೆ ಫೋನು ಹಚ್ಚಿದಳು. ಸ್ವಿಚ್ಡ್ ಆಫ್. ಮತ್ತೆ ಹಚ್ಚಿದಳು. ಸಂಜೆಯವರೆಗೂ, ಮರುದಿನವೂ ಹಚ್ಚಿದಳು. ಟ್ರೇನಿಂಗಿನಲ್ಲಿ ಫೋನು ಬಂದ್ ಇಡಿಸುತ್ತಿದ್ದರು.

ಟ್ರೇನಿಂಗ್ ಮುಗಿಸಿ ಅವನು ನವಲಗುಂದಕ್ಕೆ ಬರುವ ಹೊತ್ತಿಗೆ ಗುರುವಾರ ದಾಟಿತ್ತು. ದುರಗವ್ವ ಬರಿಗೈಯಲ್ಲಿ ಯಮನೂರಿಗೆ ಹೋಗಿ ಬಂದಿದ್ದಳು. ಒಂದು ಮಾತೂ ಬೈದಿರಲಿಲ್ಲ. ಬೈದಿದ್ದರೆ ರಾಜೇಶ್ವರಿಗೆ ಹಗುರವಾಗುತ್ತಿತ್ತು.

"ಹೆಂಗೈತ್ರಿ ಹೊಸಾ..." ಎಂದುಕೊಂಡೇ ಒಳಗೆ ಬಂದವನು ಅವಳ ಮುಖ ನೋಡಿ ನಿಂತ.

"ಯಾಕ ಹಾಕಿದ್ರಿ?"

"ಫೈಲ್ ಒಂದೂ ಹೋಗಿಲ್ರಿ. ಎಲ್ಲಾ ಬ್ಯಾರೆ ಜಾಗಾದಾಗ ಇಟ್ಟೇನಿ. ವೈರಸ್ ಕಾಟ ಇನ್ನ..."

"ನಾ ಫೈಲ್ ಕೇಳಲಿಲ್ಲ. ಯಾಕ ಹಾಕಿದ್ರಿ?"

"ನೀವೇ ಅಂದಿದ್ರಿ, ವಿಂಡೋಸ್ ನೀವು ಆರಿಸಿದ್ದಲ್ಲ ಅಂತ. ಅದಕ್ಕ..."

"ಅದಕ್ಕ ನೀವು ಆರಿಸಿಬಿಟ್ರಿ?"

ಅವನು ಬ್ಯಾಗನ್ನು ಹೆಗಲಿಂದ ಇಳಿಸಿದ.

"ಕುರ್ಚಿ ಕಾಕಾ ಆರಿಸಿದ್ರು. ಕುಂದಗೋಳದವರು ನನ್ನನ್ನ ಆರಿಸಿದ್ರು, ಮತ್ತ ಅವರೇ ಬ್ಯಾಡಂದ್ರು. ಈಗ ನಿಮ್ಮ ಪಾಳಿ ಬಂತೇನು?" ಅವಳ ದನಿ ಏರಲಿಲ್ಲ, ಇಳಿಯುತ್ತ ಹೋಯಿತು. "ಮೊದಲ ಹೆಂಗಿತ್ತೋ ಹಂಗ ಮಾಡಿಕೊಡ್ರಿ. ಆಮ್ಯಾಲ... ಶನಿವಾರ ಬರೂದು ಬ್ಯಾಡ."

ಕುಂದಗೋಳದ ಕಥೆ ಅವನು ಕೇಳಿದ್ದು ಅದೇ ಮೊದಲು. ಸಿಪಿಯುವನ್ನು ಅದೇ ಜೋಳದ ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

*

ಅದು ಮರುದಿನ ಬಸ್ಸಿನಲ್ಲಿ ವಾಪಸು ಬಂತು. ಅವನಲ್ಲ, ಚೀಲವೊಂದೇ. "ಮಾಸ್ತರರು ಕೊಟ್ಟು ಕಳಸ್ಯಾರ. ಅಗದಿ ಜ್ವಾಪಾನ ಅಂದಾರ," ಎಂದು ಕಂಡಕ್ಟರ್ ಕೌಂಟರಿನ ಮೇಲೆ ಇಟ್ಟುಹೋದ.

ಅವಳು ಜೋಡಿಸಿ ಆನ್ ಮಾಡಿದಳು. ಅದೇ ಹಳೇ ವಿಂಡೋಸು. ಅದೇ ಸೂರ್ಯಕಾಂತಿ ಹೊಲದ ಚಿತ್ರ. ಪೇಜ್‌ಮೇಕರ್ ಎಡಕ್ಕೆ, ನುಡಿ ಅದರ ಕೆಳಗೆ, ಕಸದ ಬುಟ್ಟಿ ಅವಳು ಇಡುತ್ತಿದ್ದ ಹಾಗೆ ಬಲಮೂಲೆಗೆ. ಶನಿವಾರಗಳ ಚಹಾದ ನಡುವೆ ಅವನು ಇಷ್ಟನ್ನೆಲ್ಲ ನೋಡಿಟ್ಟುಕೊಂಡಿದ್ದನೇ?

ಗಿಣಿಗಳೂ ನಾಲ್ಕು ಮೂಲೆಯಲ್ಲಿ ತಣ್ಣಗೆ ಕೂತಿದ್ದವು.

ಒಂದು ಮಾತ್ರ ಇರಲಿಲ್ಲ. 'ಶನಿವಾರ' ಫೋಲ್ಡರ್.

ಅವಳು ಹುಡುಕಿದಳು. ಬುಟ್ಟಿಯಲ್ಲೂ ಇರಲಿಲ್ಲ. ಅವನು ತನ್ನನ್ನು ತಾನೇ ಗುಡಿಸಿಕೊಂಡು ಹೋಗಿದ್ದ.

ಕೇಳಿದ್ದು ಸಿಕ್ಕಿದೆಯಲ್ಲ, ಮತ್ತೇಕೆ ಎದೆ ಹೀಗೆ ಖಾಲಿ?

ರಜಿಯಾಬಿ ಲೇಬಲ್ಲು ಒಯ್ಯಲು ಬಂದವಳು ಅವಳನ್ನು ನೋಡಿ ಸ್ಟೂಲು ಎಳೆದುಕೊಂಡಳು.

"ಏನಂತದ ಕಂಪ್ಯೂಟರು?"

"ಮೊದಲಿನಂಗ ಆಗೈತಿ ಆಪಾ."

"ನೀ ಆಗಿಲ್ಲಲ್ಲ." ಸೆರಗಿನಿಂದ ಗಾಳಿ ಹಾಕಿಕೊಂಡು ರಜಿಯಾಬಿ ಮಾತು ಮುಂದುವರಿಸಿದಳು. "ನನ್ನ ಮಗ್ಗದಾಗ ಮತ್ತೊಬ್ಬಾಕಿ ಕುಂತು ಹೊಡದ್ರ ಎಳಿ ಬಿಗಿ ಬ್ಯಾರೆ ಆಗ್ತದ. ಜಮಖಾನಿ ಮ್ಯಾಲ ಅಷ್ಟುದ್ದ ಪಟ್ಟಿ ಕಾಣ್ತದ, ಇಲ್ಲಿ ಯಾರೋ ಕುಂತಿದ್ರು ಅಂತ. ಅದಕ್ಕ ನಮ್ಮಾಗ ಕೇಳದ ಯಾರೂ ಒಬ್ಬರ ಮಗ್ಗದಾಗ ಕುಂದ್ರೂದಿಲ್ಲ. ಪಾಪ, ಆ ಮಾಸ್ತರಗ ಅದು ಗೊತ್ತಿರಲಿಲ್ಲ."

"ಈಗ ಗೊತ್ತಾತಲ್ಲ."

"ಗೊತ್ತಾತು. ಆದ್ರ ಬೈಸ್ಕೊಂಡಾಕಿ ಮಗ್ಗದ ಬಾಜುಕ ಬರೂದನ್ನ ಬಿಟ್ರ ನನಗೂ ಚಲೋ ಅನಸೂದಿಲ್ಲ ಬೇ. ಕೇಳಿ ಕುಂದರು ಅಂದ್ರ, ಬರಲೇ ಬ್ಯಾಡ ಅಂತ ಅರ್ಥ ಅಲ್ಲ."

ಕಾರ್ಡು ಮುಗಿಯಿತು. ಮುಂದಿನ ಗುರುವಾರ ದುರಗವ್ವ ಮೊದಲ ಕಾರ್ಡನ್ನು ಹಳದಿ ವಸ್ತ್ರದಲ್ಲಿ ಸುತ್ತಿಕೊಂಡು ಯಮನೂರಿಗೆ ಹೋಗಿ ಬಂದಳು. ಸಕ್ಕರೆ ಪ್ರಸಾದ ಕೊಡುತ್ತ ರಾಜೇಶ್ವರಿಯ ಗದ್ದ ಹಿಡಿದು ಕೇಳಿದಳು.

"ನಿಂದು ಯಾವಾಗ ತಂಗೀ?"

"ನನ್ನನ್ನ ಇನ್ನ ಯಾರೂ ಕೇಳಿಲ್ಲಬೇ."

"ಯಾರೂ ಕೇಳದಿದ್ರ ನೀನ ಹೋಗಿ ಕೇಳು. ಊರಿಗೆಲ್ಲ ಕೇಳ್ಕೋತ ಕುಂದರ್ತಿ, ಯಾವ ಕಂಪ್ಯೂಟ್ರ, ಯಾಕ ಅಂತ."

*

ಶನಿವಾರ ಮಧ್ಯಾಹ್ನ ಮೊರಬದ ಬಸ್ಸಿನಲ್ಲಿ, ಜೋಳದ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ರಾಜೇಶ್ವರಿ ಹೊರಟಿದ್ದಳು. ಕಿಟಕಿಯಾಚೆ ಎರೆ ಹೊಲ ಬಿರಿದು ಮಲಗಿತ್ತು. ಏನು ಹೇಳುವುದು? ಯಾಕೆ ಬಂದೆ ಎಂದರೆ? ಕಂಪ್ಯೂಟರು ಕೆಟ್ಟಿದೆ ಎನ್ನುವುದೇ? ಕೆಟ್ಟಿಲ್ಲವಲ್ಲ...

ಶಾಲೆ ಬಿಟ್ಟಿತ್ತು. ಲ್ಯಾಬಿನಲ್ಲಿ ಹುಲಿಗೇಶ ಒಬ್ಬನೇ ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸುತ್ತಿದ್ದ. ಬಾಗಿಲಲ್ಲಿ ಅವಳನ್ನೂ ಚೀಲವನ್ನೂ ಕಂಡು ಅವನ ಮುಖ ಇಳಿಯಿತು.

"ಮತ್ತ ಕೆಟ್ಟೈತೇನ್ರಿ?"

"ಹೌದು. ಶನಿವಾರ ಎಲ್ಲಿ ಹೋತು?"

"ಏನ್ರಿ?"

"ಶನಿವಾರ. ಫೋಲ್ಡರ್."

"ಅದು... ನೀವೇ ಅಂದ್ರಲ್ಲ, ಮೊದಲ ಹೆಂಗಿತ್ತೋ ಹಂಗ ಅಂತ. ಮೊದಲ ನಾ ಇರಲಿಲ್ಲಲ್ರಿ."

ಅವಳು ಚೀಲವನ್ನು ಮೇಜಿನ ಮೇಲೆ ಇಟ್ಟಳು. "ಹಾಕೂ ಮುಂದೂ ಕೇಳಲಿಲ್ಲ. ತಗಿಯೂ ಮುಂದೂ ಕೇಳಲಿಲ್ಲ. ಎಂಥಾ ಮಾಸ್ತರ್ರಿ ನೀವು? ದಿನಾ ಹುಡುಗೂರಿಗೆ ಪ್ರಶ್ನಿ ಕೇಳ್ತೀರಿ, ನನಗ ಒಂದ ಕೇಳಾಕ ಆಗಲಿಲ್ಲ."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ತಪ್ಪಾತ್ರಿ. ಅವತ್ತು ಬಸ್ಸಿನಾಗ ಅದನ್ನ ವಿಚಾರ ಮಾಡ್ಕೋತ ಬಂದೆ. ಚಲೋದು ಮಾಡೇನಿ ಅಂತ ತಿಳಕೊಂಡಿದ್ದೆ. ನಿಮಗ ಯಾವುದು ಚಲೋ ಅಂತ ನಾ ಹೆಂಗ ಹೇಳಲಿ." ತಲೆಯೆತ್ತಿದ. "ಈಗ ಕೇಳ್ತೇನಿ. ನಿಮಗ ಏನ್ ಬೇಕ್ರಿ?"

ಇಷ್ಟು ವರ್ಷ ಕಾದ ಪ್ರಶ್ನೆ. ಈಗ ಎದುರಿಗೇ ಬಂದು ನಿಂತಿತ್ತು.

"ಎರಡೂ," ಅಂದಳು.

"ಎರಡೂ?"

"ನುಡಿ ನನಗ ಬೇಕು. ನನ್ನ ಕೈ ಅದರಾಗ ಕಲಿತೈತಿ, ನನ್ನ ಗಿಣಿ ಅದರಾಗ ಅದಾವು. ಆದ್ರ ನಿಮ್ಮದರ ಒಳಗ ಏನೈತಿ ಅಂತ ನೋಡೂ ಆಸೆ ಹೋಗವಲ್ದು. ಒಂದ ಮನ್ಯಾಗ ಎರಡೂ ಇರಾಕ ಬರ್ತಾವೇನು? ಜಗಳ ಮಾಡ್ತಾವೇನು?"

"ಒಂದಕ್ಕೊಂದು ಜಾಗಾ ಬಿಟ್ಟುಕೊಟ್ರ ಮಾಡೂದಿಲ್ರಿ."

ಅವನು ಕೆಲಸಕ್ಕೆ ಕೂತ. ಹೆಜ್ಜೆ ಹೆಜ್ಜೆಗೂ ಕೇಳಿದ. ಯಾವುದಕ್ಕೆ ಎಷ್ಟು ಜಾಗ? ಯಾವುದರ ಹೆಸರು ಮೇಲೆ? ಚಿತ್ರ ಯಾವುದು? ಇದನ್ನು ತೆಗೆಯಲೇ, ಅದನ್ನು ಇಡಲೇ? ಅವಳು ಮೊದಮೊದಲು ಯೋಚಿಸಿ ಹೇಳಿದಳು, ಆಮೇಲೆ ಅವನ ಕಿವಿಯ ಹಿಂದಿನ ಸೀಮೆಸುಣ್ಣದ ಗುರುತನ್ನು ನೋಡುತ್ತ "ಹೂಂ" ಎನ್ನತೊಡಗಿದಳು.

ಇಳಿಬಿಸಿಲು ಲ್ಯಾಬಿನ ಕಿಟಕಿಗೆ ಬರುವಷ್ಟರಲ್ಲಿ ಅವನು ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಹಚ್ಚಿದ.

ಕಪ್ಪು ಪರದೆ. ಅದರಲ್ಲಿ ಎರಡೇ ಸಾಲು. ಒಂದು ವಿಂಡೋಸು, ಒಂದು ಲಿನಕ್ಸು.

"ಹಚ್ಚಿದಾಗೊಮ್ಮೆ ಇದು ನಿಮ್ಮನ್ನ ಕೇಳ್ತೈತಿ, ಯಾವುದು ಬೇಕು ಅಂತ."

"ನಾ ಏನೂ ಒತ್ತದಿದ್ರ?"

"ಬ್ಯಾರೆ ಕಡೆ ಆದ್ರ ಸ್ವಲ್ಪ ಹೊತ್ತು ನೋಡಿ ತಾನೇ ಒಂದನ್ನ ಆರಿಸಿಬಿಡ್ತೈತಿ. ಆ ಟೈಮರ್ ತಗದೇನಿ." ಗಾಬರಿಯಾಗಿ ಕೂಡಿಸಿದ, "ಕೇಳಿನೇ ತಗದೇನ್ರಿ. ನೀವು ಹೂಂ ಅಂದ್ರಿ."

"ಹಂಗಾರ ಈಗ?"

"ನೀವು ಒತ್ತೂ ತನಕ ಕಾಯ್ತೈತಿ."

ಅವಳು ಕೀಬೋರ್ಡಿನ ಹತ್ತಿರ ಕೈ ಒಯ್ದಳು. ಒತ್ತಲಿಲ್ಲ. ಎರಡು ಸಾಲು ಹಾಗೇ ನಿಂತಿದ್ದವು. ಅವಸರವಿಲ್ಲದೆ, ಅವಳಿಗಾಗಿ. ಅವಳ ಕಣ್ಣು ತುಂಬಿ ಬಂತು.

"ಒತ್ರಿ..." ಅವನು ಮೆಲ್ಲಗೆ ಅಂದ.

"ತಡೀರಿ. ಇದು ಕಾಯೂದನ್ನ ಒಂಚೂರು ನೋಡ್ತೇನಿ." ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಇದರ ಟೈಮರ್ ತಗದ್ರಿ. ನಿಮ್ಮದು?"

"ನನಗ ಇರಲೇ ಇಲ್ರಿ. ನೀವು 'ಬರೇ ಪ್ರಶ್ನಿ ಬಂದಾವು, ತಗೊಂಡು ಹೋಗ್ರಿ' ಅಂದ್ರಲ್ಲ, ಅವತ್ತಿನಿಂದ ಕಾಯಾಕತ್ತೇನಿ."

"ಹಂಗಾರ ಕೇಳ್ರಿ. ಕಾಕಾನ್ನ ಆಮ್ಯಾಲ ಕೇಳೂರಂತ. ಮೊದಲ ನನ್ನನ್ನ."

ಹುಲಿಗೇಶ ಎದ್ದು ನಿಂತ. ಕೈಯಲ್ಲಿ ಇನ್ನೂ ಆ ಧೂಳಿನ ಬಟ್ಟೆ ಇತ್ತು. ಅದನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡ.

"ರಾಜೇಶ್ವರಿ... ನನ್ನ ಲಗ್ನ ಆಗಾಕ ನಿಮಗ ಮನಸ್ಸೈತೇನು? ಈಗ ಹೇಳದಿದ್ರೂ ನಡೀತೈತಿ."

ಅವಳು ಈಗಲೇ ಹೇಳಿದಳು. ಹೇಳಿದ್ದು ಒಂದೇ ಅಕ್ಷರ. ಆದರೆ ಈ ಸಲ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡೇ ಹೇಳಿದಳು.

"ಹೂಂ."

ಆಮೇಲೆ ಕಣ್ಣೊರೆಸಿಕೊಂಡು, ಅಂಗಡಿಯ ದನಿ ತಂದುಕೊಂಡು ಅಂದಳು, "ಕಾರ್ಡ ಮಾತ್ರ ನನ್ನ ನುಡಿಯಾಗ. ನಿಮ್ಮ ಹೆಸರು ನಿಮ್ಮದರಾಗ ಟೈಪ್ ಮಾಡಿ ಕೊಟ್ರ ಮತ್ತ ಬರೇ ಪ್ರಶ್ನಾರ್ಥಕ ಚಿಹ್ನಿ ಬರ್ತಾವು ನೋಡ್ರಿ."

"ಬರಲಿ ಬಿಡ್ರಿ," ಹುಲಿಗೇಶ ನಕ್ಕ. "ಒಬ್ಬರಿಗೊಬ್ಬರು ಕೇಳ್ಕೋತ ಇರೂಣು."